ಚೌಕಾಸಿ ಮಾಡಬಾರದ ಸೀರೆ

ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನಾಗಮಂಗಲದ ಬಸ್ಸು ಹತ್ತಿದ ಕೂಡಲೇ ನಮ್ಮ ಹಿರಿಯಕ್ಕ ಮಾಡಿದ ಮೊದಲ ಕೆಲಸವೆಂದರೆ, ಮೂರು ಜನರ ಸೀಟಿನಲ್ಲಿ ಕಿಟಕಿ ಪಕ್ಕಕ್ಕೆ ತನ್ನ ಕೈಚೀಲ ಇಟ್ಟದ್ದು. ಇಟ್ಟಮೇಲೆ ತಾನೇ ಆ ಚೀಲವನ್ನು ನೋಡಿದಳು. ನಾನೂ ನೋಡಿದೆ. ನಮ್ಮ ಟೈಲರಮ್ಮ ಮಾತ್ರ ಆಚೆ ಕಡೆಯ ಸೀಟಿನಲ್ಲಿ ಕೂತು ಸೆರಗಿನ ದಾರ ಕಿತ್ತುಕೊಳ್ಳುತ್ತಿದ್ದಳು. ಯಾರೂ ಚೀಲ ತೆಗೆಯಲಿಲ್ಲ.

ಆ ಜಾಗ ತೀರಿಹೋದ ಗೆಳತಿಯದು. ಅವಳು ತೊಣ್ಣೂರು ಕಡೆಯ ಹಳ್ಳಿಯವಳು. ನಾವು ಮೂವರು ಪಾಂಡವಪುರದಲ್ಲಿ ಹತ್ತಿ ಕಿಟಕಿ ಸೀಟು ಹಿಡಿದಿಡಬೇಕು, ಅವಳು ತೊಣ್ಣೂರಿಗೆ ತಿರುಗುವ ಕ್ರಾಸಿನಲ್ಲಿ ಹತ್ತಿ ದೊರೆಸಾನಿಯ ಹಾಗೆ ಬಂದು ಕೂರಬೇಕು. ಇದು ಅವಳೇ ಮಾಡಿದ ಕಾನೂನು. ಅವಳ ಕಾನೂನುಗಳು ಬಹಳ ಇದ್ದವು. ಅದಕ್ಕೇ ಅವಳನ್ನು ಯಜಮಾನಮ್ಮ ಎಂದು ಕರೆಯುತ್ತಿದ್ದೆವು.

ನಾವು ನಾಲ್ವರು ಒಂದು ಕಾಲಕ್ಕೆ ಪಾಂಡವಪುರದಲ್ಲಿ ಹೊಲಿಗೆ ಕಲಿಯಲು ಹೋಗಿ ಗೆಳತಿಯರಾದವರು. ಹೊಲಿಗೆ ಹಿಡಿದದ್ದು ಟೈಲರಮ್ಮ ಒಬ್ಬಳಿಗೇ. ವಯಸ್ಸಿನಲ್ಲಿ ದೊಡ್ಡವಳೆಂದು ನಾವು ಹಿರಿಯಕ್ಕ ಎನ್ನುತ್ತಿದ್ದವಳು ಹಸು ಕಟ್ಟಿದಳು. ದೇವಸ್ಥಾನದ ಮನೆತನದಿಂದ ಬಂದ ನಾನು ಪ್ರೈಮರಿ ಶಾಲೆಯ ಟೀಚರಾದೆ. ಯಜಮಾನಮ್ಮ ಗಂಡನ ಜೊತೆ ಗದ್ದೆಗಿಳಿದಳು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ತಿರುಗಾಟ ಜೋರಾಯಿತು. ಒಂದು ಸಲ ಶ್ರೀರಂಗಪಟ್ಟಣ, ಒಂದು ಸಲ ಕೆ.ಆರ್. ಪೇಟೆ, ಹೆಚ್ಚಾಗಿ ನಾಗಮಂಗಲ. "ಚಾರ್ಜು ಉಳೀತಲ್ಲ, ಅದ್ರಲ್ಲಿ ದೋಸೆ ತಿನ್ನವ" ಎನ್ನುತ್ತಿದ್ದಳು ಯಜಮಾನಮ್ಮ. ತಿನ್ನುವುದೂ ಅಷ್ಟೇ, ಎರಡು ದೋಸೆ, ಎರಡು ಖಾಲಿ ತಟ್ಟೆ, ಎರಡು ಕಾಫಿ ಬೈಟು. ಅದಕ್ಕಿಂತ ಹೆಚ್ಚು ಹೇಳಿದರೆ ನಮ್ಮನ್ನೇ ಹುರಿದು ತಿನ್ನುತ್ತಿದ್ದಳು.

ಅವಳು ಹೋದದ್ದು ಹೋದ ವರ್ಷ ಆಷಾಢದಲ್ಲಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ದಾರಿಯಲ್ಲೇ ಕುಸಿದಳಂತೆ. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಈಗ ವರ್ಷ ತುಂಬಿ ಪಿತೃಪಕ್ಷ ಬಂದಿತ್ತು. ನಮ್ಮ ಮನೆಯಲ್ಲಾದರೆ ಹೋದವರಿಗೆ ಎಳ್ಳು ನೀರು, ಪಿಂಡ. ಅವರ ಮನೆಯಲ್ಲಿ ಎಡೆ. ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಅಡುಗೆ ಮಾಡಿ, ಬಾಳೆಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಅಷ್ಟು ಹೊತ್ತು ಒಳಗೆ ಅವರು ಬಂದು ಉಣ್ಣುತ್ತಾರೆ ಎಂಬ ನಂಬಿಕೆ. ವರ್ಷ ತುಂಬಿದವರಿಗೆ ಇದು ಮೊದಲ ಎಡೆ. ಅದಕ್ಕೊಂದು ಒಳ್ಳೆಯ ಸೀರೆ ತರಬೇಕಿತ್ತು. ಅವಳ ಗಂಡ ನನಗೆ ಫೋನು ಮಾಡಿ, "ಅವಳಿಗೆ ಏನಿಷ್ಟ ಅಂತ ನಂಗೆ ಗೊತ್ತಾಗಕಿಲ್ಲ ಮೇಡಂ. ನೀವೇ ಮಗೀನ ಕರ್ಕಂಡೋಗಿ ಕೊಡ್ಸಿ" ಎಂದಿದ್ದ. ಎರಡು ಸಾವಿರ ರೂಪಾಯಿ ಮಗಳ ಕೈಗೆ ಕೊಟ್ಟಿದ್ದ.

ಹಾಗಾಗಿ ಅದು ನಮ್ಮ ಎಂದಿನ ತಿರುಗಾಟವೇ, ಅದೇ ಬಸ್ಸು, ಅದೇ ಊರು. ಕೊಳ್ಳುವುದು ಮಾತ್ರ ಅವಳಿಗೆ.

ಬಸ್ಸು ತುಂಬುತ್ತಿದ್ದಂತೆ ಕೂಸು ಎತ್ತಿಕೊಂಡ ಒಬ್ಬ ಹೆಂಗಸು ಬಂದು ಚೀಲದ ಕಡೆ ಕೈ ತೋರಿಸಿದಳು.

"ಜನ ಅವ್ರೆ ಕಣವ್ವ" ಎಂದಳು ಹಿರಿಯಕ್ಕ.

"ಎಲ್ಲವ್ರೆ?"

"ಮುಂದೆ ಹತ್ತುತಾರೆ."

ಅದು ಸುಳ್ಳೇನಲ್ಲ. ಮಗಳು ಹತ್ತುವವಳಿದ್ದಳು. ಆದರೂ ಹಿರಿಯಕ್ಕನ ದನಿ ನೋಡಿದರೆ ಮಗಳ ವಿಷಯ ಹೇಳಿದ ಹಾಗಿರಲಿಲ್ಲ. ನನಗೆ ರೇಗಿತು. ಕೂಸಿದ್ದವಳಿಗೆ ನನ್ನ ಜಾಗ ಬಿಟ್ಟುಕೊಟ್ಟು ಕಂಬಿ ಹಿಡಿದು ನಿಂತೆ.

ಕ್ರಾಸು ಬಂತು. ಮರದ ಕೆಳಗೆ ಅವಳು ನಿಂತಿದ್ದಳು. ಅದೇ ಕಲ್ಲಿನ ಪಕ್ಕ, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಸ್ಸಿಗೆ ಕೈ ಅಡ್ಡ ಹಾಕುತ್ತ. ಬಸ್ಸು ಹತ್ತಿರವಾದಾಗ ಸೆರಗು ಹೋಗಿ ಚೂಡಿದಾರದ ವೇಲಾಯಿತು, ಮುಖ ಮಗಳದಾಯಿತು. ಬಿಸಿಲಿಗೆ ವೇಲು ಹೊದ್ದಿದ್ದಳು, ಅಷ್ಟೇ. ನಾನು ದೆವ್ವ ಪಿಶಾಚಿ ನಂಬುವವಳಲ್ಲ, ಮಕ್ಕಳಿಗೂ ನಂಬಬೇಡಿ ಎಂದೇ ಹೇಳಿಕೊಡುವವಳು. ಆದರೆ ಆ ಕ್ಷಣ ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹುಡುಗಿ ಬಂದು, ಯಾರೂ ಹೇಳದೆ, ನೇರ ಕಿಟಕಿ ಪಕ್ಕಕ್ಕೆ ಹೋಗಿ ಕೂತಳು. ಹಿರಿಯಕ್ಕ ಚೀಲ ಎತ್ತಿ ಮಡಿಲಿಗೆ ಹಾಕಿಕೊಂಡು ಆಚೆ ನೋಡಿದಳು.

ಈ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಮಂಡ್ಯದಲ್ಲಿ ನರ್ಸಿಂಗ್ ಓದುತ್ತಾಳೆ. ಚಿಕ್ಕವಳಿದ್ದಾಗಲೇ ಮಾತು ಕಡಿಮೆ. ಜಕ್ಕನಹಳ್ಳಿ ದಾಟಿದ ಮೇಲೆ ಕೂಸಿನವಳು ಇಳಿದಳು, ನಾನು ಕೂತೆ. ಹುಡುಗಿ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು.

"ಮಿಸ್, ಅವ್ವ ಕನಸಲ್ಲಿ ಬತ್ತದೆ. ಬಂದು ಬಾಗ್ಲಲ್ಲೇ ನಿಂತ್ಕತದೆ. ಒಳಿಕೆ ಬರಕಿಲ್ಲ."

"ಏನಾದರೂ ಹೇಳ್ತಾಳಾ?"

"ಏನೂ ಇಲ್ಲ. ಹೊಸ್ತಿಲು ನೋಡ್ಕಂಡು ನಿಂತಿರ್ತದೆ, ಬೇರೆಯೋರ ಮನೆ ಮುಂದೆ ನಿಂತಂಗೆ. ನಾನು ಬಾ ಅಂತ ಕರೆಯಕ್ಕೆ ಹೋಯ್ತೀನಿ, ಬಾಯೇ ಬರಕಿಲ್ಲ. ಎದ್ದು ಕೂತ್ಕಂಬುಡ್ತೀನಿ." ವೇಲಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಸೇರಿಸಿದಳು, "ಎಡೆ ಸೀರೆ ಇಷ್ಟ ಆಯ್ತು ಅಂದ್ರೆ ಬತ್ತದೆ ಅಂತಾರೆ. ಇಷ್ಟ ಆಗ್ನಿಲ್ಲ ಅಂದ್ರೆ ಹಂಗೇ ತಿರುಗಿ ಹೊಂಟೋಯ್ತದಂತೆ. ನಂಗೆ ಅವ್ವನ ಇಷ್ಟ ಏನೂ ಗೊತ್ತಿಲ್ಲ ಮಿಸ್."

ಪಾಠದಲ್ಲಾದರೆ ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಕನಸೆಂದರೆ ಮನಸ್ಸಿನ ಚಿಂತೆ ಎಂದು ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದೆ. ಅಲ್ಲಿ ಸುಮ್ಮನೆ ಅವಳ ಕೈ ಹಿಡಿದುಕೊಂಡೆ.

ನಾಗಮಂಗಲದಲ್ಲಿ ಇಳಿದು ಮೊದಲು ಹೋಟೆಲಿಗೆ ಹೋದೆವು. ಹೊಟ್ಟೆ ಖಾಲಿ ಇಟ್ಟುಕೊಂಡು ಅಂಗಡಿಗೆ ಹೋದರೆ ಬುದ್ಧಿ ಕೆಲಸ ಮಾಡುವುದಿಲ್ಲ, ಹೇಳಿದ ಬೆಲೆಗೆಲ್ಲ ತಲೆಯಾಡಿಸಿ ಬರುತ್ತೇವೆ ಎಂಬುದು ಯಜಮಾನಮ್ಮನ ಇನ್ನೊಂದು ಕಾನೂನು. ಸಪ್ಲೈಯರು ನಮ್ಮನ್ನು ನೋಡಿದ್ದೇ ತಡ, ಕೇಳದೆಯೇ ಎರಡು ಮಸಾಲೆ ದೋಸೆ, ಎರಡು ಖಾಲಿ ತಟ್ಟೆ ತಂದಿಟ್ಟ. ಹಿಂದೆಯೇ ನಾಲ್ಕು ಲೋಟದಲ್ಲಿ ಅರ್ಧರ್ಧ ಕಾಫಿ. ನಾಲ್ಕನೆಯದನ್ನು ಹುಡುಗಿಯ ಮುಂದಿಟ್ಟು ಹೋದ.

"ನಾನು ಕುಡಿಯಕಿಲ್ಲ" ಎಂದಳು.

"ನಿಮ್ಮವ್ವ ಹಬೆ ಆಡೋವಾಗ್ಲೇ ಸೊರ್ ಅನ್ನಿಸ್ಬುಡೋಳು" ಎಂದಳು ಟೈಲರಮ್ಮ.

ಹುಡುಗಿ ತಲೆ ಎತ್ತಿದಳು. "ನಮ್ಮವ್ವ ಕಾಫಿ ಕುಡೀತಿತ್ತಾ? ಮನೇಲಿ ಎದೆ ಉರೀತದೆ ಅಂತ ಮುಟ್ತಾನೇ ಇರ್ನಿಲ್ಲ."

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಕಾಫಿಪುಡಿ, ಸಕ್ಕರೆ, ಹಾಲು ಎಲ್ಲ ಮನೆಯವರಿಗೆ ಉಳಿಯಲಿ ಎಂದು ಆ ಎದೆಯುರಿ ಹುಟ್ಟಿಸಿಕೊಂಡಿದ್ದಳು, ಬೇರೇನಿಲ್ಲ. ಅದನ್ನು ಮಗಳಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ದೋಸೆ ಹರಿಯುತ್ತಾ ಸೀರೆಯ ಬಣ್ಣದ ಮಾತು ತೆಗೆದೆವು. ಹಿರಿಯಕ್ಕ ಹಸಿರು ಎಂದಳು. ಭತ್ತದ ಪೈರಿನ ಹಸಿರು ಕಂಡರೆ ಯಜಮಾನಮ್ಮನಿಗೆ ಪ್ರಾಣವಂತೆ. ಟೈಲರಮ್ಮ ಒಪ್ಪಲಿಲ್ಲ. ತಾನು ಅವಳಿಗೆ ಹೊಲಿದುಕೊಟ್ಟ ಅಷ್ಟೂ ರವಿಕೆ ಕೊಳೆ ಕಾಣದ ಕಂದು ಬಣ್ಣದವೇ, ಕಂದೇ ತೆಗೆಯಬೇಕು ಎಂದಳು. ನನಗೆ ಹಳದಿ ಎಂದೇ ನೆನಪು. ಶ್ರೀರಂಗಪಟ್ಟಣದಲ್ಲಿ ಒಂದು ಹಳದಿ ಸೀರೆಯ ಅಂಚನ್ನು ಬೆರಳಿನಲ್ಲಿ ತಿಕ್ಕಿ ತಿಕ್ಕಿ ನೋಡಿ ಬಿಟ್ಟು ಬಂದಿದ್ದಳು. ಮಾತು ಏರಿತು. ಹಿರಿಯಕ್ಕ ಮುನಿಸಿಕೊಂಡಳು. ಅಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ನಾವು, ಮೂವರ ನೆನಪಿನಲ್ಲಿ ಮೂರು ಬೇರೆ ಬೇರೆ ಹೆಂಗಸರಿದ್ದರು. ಸತ್ತವರು ಹೀಗೆ ನಮ್ಮ ಕಣ್ಣೆದುರೇ ಕರಗುತ್ತಾ ಹೋಗುತ್ತಾರೆ ಎನ್ನುವುದು ನನಗೆ ಅಲ್ಲಿ, ಆ ಚಟ್ನಿ ಬಟ್ಟಲಿನ ಮುಂದೆ, ಗೊತ್ತಾಯಿತು. ಬಹಳ ದುಃಖವಾಯಿತು.

ಹುಡುಗಿ ಮೂವರ ಬಾಯನ್ನೂ ನೋಡುತ್ತಾ ಕೂತಿದ್ದಳು. ಏಳುವ ಹೊತ್ತಿಗೆ, ಕೆನೆಗಟ್ಟಿ ತಣ್ಣಗಾಗಿದ್ದ ಆ ಅರ್ಧ ಲೋಟ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟಳು.

ಪೇಟೆ ಬೀದಿಯಲ್ಲಿ ನಮ್ಮ ಎಂದಿನ ಚಿಲ್ಲರೆ ವ್ಯಾಪಾರ ಮುಗಿಸಿದೆವು. ಪಿನ್ನು, ಕ್ಲಿಪ್ಪು, ಟೈಲರಮ್ಮನಿಗೆ ನೂಲುಂಡೆ, ನನಗೊಂದು ಟೀ ಸೋಸುವ ಜಾಲರಿ. ಯಾವುದಕ್ಕೂ ಕೈ ಬರಲಿಲ್ಲ, ಆದರೂ ಕೊಂಡೆವು. ಸೀರೆ ಅಂಗಡಿಯ ಮುಂದೆ ಬಂದಾಗ ಹಿರಿಯಕ್ಕ ನಮ್ಮನ್ನು ನಿಲ್ಲಿಸಿಕೊಂಡಳು.

"ನೋಡ್ರವ್ವ, ಎಡೆ ಸೀರೆಗೆ ಚೌಕಾಸಿ ಮಾಡಬಾರ್ದು. ಕೇಳಿದಷ್ಟು ಕೊಟ್ಟು ಎತ್ಕಂಬರಬೇಕು. ಕೊಸರಾಡಿದ್ರೆ ಸತ್ತೋರು ಮುನಿಸ್ಕತಾರೆ."

ಇದು ಅವರ ಕಡೆ ನಡೆದುಬಂದ ಪದ್ಧತಿ. ಸತ್ತವರ ಹೆಸರಿನ ಬಟ್ಟೆಗೆ, ಹೂವಿಗೆ, ಮಡಕೆಗೆ ಬೆಲೆ ಜಗ್ಗುವುದಿಲ್ಲ. ಗೌರವದ ಮಾತು, ಸರಿಯೇ. ಆದರೆ ಸತ್ತವಳು ಯಾರು? ಆ ಇಡೀ ಬೀದಿ ಅವಳ ಚೌಕಾಸಿಗೆ ಹೆದರುತ್ತಿತ್ತು. ಸೀರೆ ಬಿಡಿಸಿ ಹಾಕಿಸುವಳು, ಬೆಲೆ ಕೇಳುವಳು, ಕೇಳಿದ ತಕ್ಷಣ ಗಲ್ಲದ ಮೇಲೆ ಕೈಯಿಟ್ಟು, "ಏನಣ್ಣ, ಚಿನ್ನದ ಎಳೆ ಹಾಕವ್ರಾ ಇದ್ಕೆ?" ಎನ್ನುವಳು. ಅರ್ಧಕ್ಕೆ ಕೇಳುವಳು. ಅವನು ಆಗದು ಎಂದರೆ ಸೀರೆ ಕೆಳಗಿಟ್ಟು ಎದ್ದುಬಿಡುವಳು. ನಾವೂ ಏಳಬೇಕು. ಯಾರೂ ಹಿಂದೆ ತಿರುಗಿ ನೋಡಕೂಡದು. ಪಕ್ಕದ ಹಿತ್ತಾಳೆ ಪಾತ್ರೆ ಅಂಗಡಿಯವರೆಗೆ ನಡೆದು, ಅಲ್ಲಿ ಬೇಡದ ಕೊಳಗದ ಬೆಲೆ ಕೇಳುವ ಹಾಗೆ ನಟಿಸುತ್ತ ನಿಲ್ಲಬೇಕು. ಸೀರೆಯವನು ಕರೆದೇ ಕರೆಯುತ್ತಿದ್ದ. ಕರೆದಾಗ ಅವಳ ಮುಖ ನೋಡಬೇಕಿತ್ತು. ಉಳಿದ ದುಡ್ಡಿಗಲ್ಲ, ಗೆದ್ದದ್ದಕ್ಕೆ ಅರಳುತ್ತಿತ್ತು.

ಅಂಗಡಿಯವನು ಗಾದಿಯ ಮೇಲಿಂದಲೇ ಕೈ ಮುಗಿದ. "ಬನ್ನಿ ಬನ್ನಿ. ಎಲ್ಲಿ, ಯಜಮಾನಮ್ಮೋರು ಕಾಣಾಕಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಹಿರಿಯಕ್ಕ ಹೇಳಿಬಿಟ್ಟಳು, "ಹಿಂದೆ ಬತ್ತಾವ್ಳೆ."

ಹುಡುಗಿ ಗಕ್ಕನೆ ಬಾಗಿಲ ಕಡೆ ತಿರುಗಿದಳು. ನಾವೂ ತಿರುಗಿದೆವು. ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ.

ಅವನು ಸೀರೆ ಬಿಡಿಸುತ್ತಾ ಹೋದ. ಹಸಿರು, ಕಂದು, ಹಳದಿ ಎಲ್ಲ ಬಂದವು. ಯಾವುದನ್ನು ನೋಡಿದರೂ ಹುಡುಗಿ ಹೂಂ ಅನ್ನಲಿಲ್ಲ. ಕೊನೆಗೆ ಈರುಳ್ಳಿ ಸಿಪ್ಪೆ ಬಣ್ಣದ ಒಂದು ಸೀರೆಯನ್ನು ಎಳೆದುಕೊಂಡು, ಸೆರಗನ್ನು ಬೆರಳಿನಲ್ಲಿ ತಿಕ್ಕಿ, "ಇದು" ಎಂದಳು. ಏಕೆ ಅದೇ ಎಂದು ನಾವು ಕೇಳಲಿಲ್ಲ.

"ಸಾವಿರದ ಆರುನೂರು" ಎಂದ ಅಂಗಡಿಯವನು. ಹೇಳಿ, ಬೈಸಿಕೊಳ್ಳಲು ತಯಾರಾದವನ ಹಾಗೆ ನಗುತ್ತಾ ಕೂತ.

ನಾವು ಸುಮ್ಮನಿದ್ದೆವು. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಹಿರಿಯಕ್ಕ ಹುಡುಗಿಗೆ ದುಡ್ಡು ತೆಗೆ ಎಂದು ಸನ್ನೆ ಮಾಡಿದಳು. ಅವನ ನಗು ನಿಧಾನವಾಗಿ ಇಳಿಯಿತು. ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದ, ಹುಡುಗಿಯ ಮುಖ ನೋಡಿದ, ಬಾಗಿಲು ನೋಡಿದ. ಸೀರೆ ಮಡಿಸುತ್ತಿದ್ದ ಕೈ ಅಲ್ಲೇ ನಿಂತಿತು.

"ಎಡೆಗಾ ಅವ್ವ?"

ಹಿರಿಯಕ್ಕ ತಲೆಯಾಡಿಸಿದಳು. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ವರ್ಷದಿಂದ ಎಷ್ಟೋ ಜನರಿಗೆ ಅವಳು ಹೋದದ್ದನ್ನು ಹೇಳಿದ್ದೆವು. ನಾವು ಹೇಳದೆ, ಬರೀ ಚೌಕಾಸಿ ಮಾಡದೆ ಕೂತದ್ದರಿಂದ ತಿಳಿದುಕೊಂಡವನು ಇವನೊಬ್ಬನೇ.

"ನಿಮ್ಗೆ ತಿಳಿದಷ್ಟು ಕೊಡಿ, ಬುಡಿ" ಎಂದ, ದನಿ ತಗ್ಗಿಸಿ.

"ಹಂಗನ್ಬೇಡಿ. ನೀವು ಕೇಳಿದಷ್ಟೇ ಕೊಡೋದು" ಎಂದಳು ಹಿರಿಯಕ್ಕ.

"ನಾನು ಹೇಳ್ದೋನು, ಗೊತ್ತಿಲ್ದೆ ಹೇಳ್ಬುಟ್ಟೆ..."

ಇಬ್ಬರೂ ಸಾವಿನ ಮನೆಯಲ್ಲಿ ಕೂತವರ ಹಾಗೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಆಗ ನನ್ನ ಬೆನ್ನ ಹಿಂದೆ ಯಾರೋ ಹೇಳಿದರು:

"ಏನಣ್ಣ, ಚಿನ್ನದ ಎಳೆ ಹಾಕವ್ರಾ ಇದ್ಕೆ?"

ಅದೇ ರಾಗ, ಕೊನೆಯಲ್ಲಿ ಅದೇ ಎಳೆತ. ಟೈಲರಮ್ಮ ನನ್ನ ರಟ್ಟೆ ಹಿಡಿದದ್ದು ನೋವಾಗುವಷ್ಟು ಬಿಗಿಯಾಗಿತ್ತು. ತಿರುಗಿ ನೋಡಿದರೆ ಹುಡುಗಿ. ಗಲ್ಲದ ಮೇಲೆ ಕೈ ಇತ್ತು. ಎಲ್ಲಿ ಕಲಿತಳೋ. ನಮ್ಮ ಜೊತೆ ಒಂದು ದಿನವೂ ಬಂದವಳಲ್ಲ.

"ಎಂಟುನೂರು ಕೊಡ್ತೀನಿ" ಎಂದಳು.

ಹಿರಿಯಕ್ಕ ಗಾಬರಿಯಾದಳು. "ಬ್ಯಾಡ ಕಣವ್ವ, ಎಡೆ ಸೀರೆ! ಹಂಗೆಲ್ಲ ಜಗ್ಗಬಾರ್ದು ಅಂತ ಹೇಳ್ನಿಲ್ವಾ? ನಿಮ್ಮವ್ವ ಮುನಿಸ್ಕತಾಳೆ."

"ಕೇಳಿದಷ್ಟು ಕೊಟ್ಟು ತಂದೆ ಅಂದ್ರೆ ನಮ್ಮವ್ವ ಮನೆ ಒಳಿಕೆ ಕಾಲಿಟ್ಟದಾ ದೊಡ್ಡವ್ವ?" ಎಂದಳು ಹುಡುಗಿ. ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ಬಾಗ್ಲಲ್ಲೇ ನಿಂತ್ಕಂಡು ಬೈತದೆ."

ಹಸಿರು, ಕಂದು, ಹಳದಿ ಎಂದು ಜಗಳವಾಡಿದ ನಮಗೆ ಮೂವರಿಗೂ ಇದು ಹೊಳೆದಿರಲಿಲ್ಲ.

ಅಂಗಡಿಯವನು ನೆಟ್ಟಗೆ ಕೂತ. ಮೂಗು ಒರೆಸಿಕೊಂಡ. ಆಮೇಲೆ, ಅವನನ್ನು ನಾನು ಎಂದಿಗೂ ಮರೆಯುವುದಿಲ್ಲ, ಸೀರೆಯನ್ನು ಫಟ್ಟನೆ ತೊಡೆಯ ಮೇಲೆ ಬಡಿದು ಸಿಟ್ಟಿನವನ ಹಾಗೆ ಹೇಳಿದ, "ಎಂಟುನೂರಕ್ಕೆ ನೂಲೂ ಬರಕಿಲ್ಲ ಕಣವ್ವ! ಗಿಟ್ಟದಾ ನಂಗೆ? ಹದಿನೈದುನೂರು ಕೊಡಿ."

"ಒಂಬೈನೂರು."

"ಆಗಕಿಲ್ಲ. ಬೇರೆ ಕಡೆ ಸಿಕ್ಕಿದ್ರೆ ತಗಳಿ."

ಹುಡುಗಿ ಸೀರೆಯನ್ನು ಗಾದಿಯ ಮೇಲಿಟ್ಟಳು, ಎದ್ದಳು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಾವೂ ಎದ್ದೆವು. ಹಿರಿಯಕ್ಕನೂ ಎದ್ದಳು. ಯಾರೂ ಹಿಂದೆ ತಿರುಗಿ ನೋಡಲಿಲ್ಲ.

ಪಾತ್ರೆ ಅಂಗಡಿಯ ಮುಂದೆ ಹೋಗಿ ನಿಂತೆವು. ಹಿತ್ತಾಳೆ ಬಡಿಯುವ ಸದ್ದು ಒಳಗಿನಿಂದ ಬರುತ್ತಿತ್ತು. ಸಾಲಾಗಿ ಇಟ್ಟಿದ್ದ ಕೊಳಗಗಳಲ್ಲಿ ನಮ್ಮ ಮುಖಗಳು ಸೊಟ್ಟಗೆ ಕಾಣುತ್ತಿದ್ದವು. ಎಷ್ಟು ಮುಖ ಎಂದು ನೋಡುವ ಧೈರ್ಯ ನನಗಾಗಲಿಲ್ಲ. ಕತ್ತಿನ ಹಿಂದೆ ತಣ್ಣಗೆ ಗಾಳಿ ಆಡಿದಂತಾಗುತ್ತಿತ್ತು. ಅವಳು ಅಲ್ಲೇ ಇದ್ದಾಳೆ, ನಗು ತಡೆದುಕೊಂಡು ನಮ್ಮ ಹಿಂದೆಯೇ ನಿಂತಿದ್ದಾಳೆ ಎಂದು ಗಟ್ಟಿಯಾಗಿ ಅನ್ನಿಸಿತು. ಅನ್ನಿಸಿದ್ದನ್ನು ಹೇಳುತ್ತಿದ್ದೇನೆ, ಬೇಕಾದವರು ನಗಲಿ. ಕರೆ ಬರಲಿಲ್ಲ. ಇನ್ನೂ ಬರಲಿಲ್ಲ. ಹುಡುಗಿ ಒಂದು ಕೊಳಗ ಎತ್ತಿ ಮತ್ತೆ ಅಲ್ಲೇ ಇಟ್ಟಳು. ಅವನೆಲ್ಲಿ ಆಟ ಬಿಟ್ಟುಬಿಟ್ಟನೋ, ಅಳುತ್ತಾ ಕೂತನೋ ಎಂದು ನನಗೆ ಹೆದರಿಕೆಯಾಯಿತು.

ಆಗ ಬೀದಿಗೆಲ್ಲ ಕೇಳುವ ಹಾಗೆ ಅವನ ದನಿ ಬಂತು. ಕರೆದದ್ದು ನಮ್ಮನ್ನಲ್ಲ.

"ಯಜಮಾನಮ್ಮೋರೇ! ಬನ್ನಿ, ಬನ್ನಿ ಒಳಿಕೆ! ನಿಮ್ ಮಾತೇ ಆಗ್ಲಿ!"

ಹುಡುಗಿ ಅಲ್ಲೇ, ಕೊಳಗಗಳ ಮುಂದೆ, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹಿರಿಯಕ್ಕ ಅವಳನ್ನು ತಬ್ಬಿಕೊಂಡಳು. ಆಮೇಲೆ ನಾವೆಲ್ಲ ಒಳಗೆ ಹೋದೆವು. ಮೆಟ್ಟಿಲು ಹತ್ತುವಾಗ ಹುಡುಗಿ ಒಂದು ಬದಿಗೆ ಸರಿದು, ಯಾರಿಗೋ ದಾರಿ ಬಿಟ್ಟ ಹಾಗೆ ಒಂದು ಗಳಿಗೆ ನಿಂತು, ಆಮೇಲೆ ತಾನು ಹತ್ತಿದಳು. ಅಂಗಡಿಯವನು ಸೀರೆ ಕಾಗದದಲ್ಲಿ ಸುತ್ತಿ ಕೊಟ್ಟ. ಒಂಬೈನೂರು ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ. ಮುಖ ಎತ್ತಲಿಲ್ಲ.

ಎಡೆಯ ದಿನ ನಾನೂ ಅವರ ಮನೆಗೆ ಹೋಗಿದ್ದೆ. ಉಣ್ಣಲಿಕ್ಕಲ್ಲ, ಮಾಂಸದಡುಗೆ ನನಗೆ ಸೇರದು. ಹೋಗದೆ ಇರಲಾಗಲಿಲ್ಲ. ನಡುಮನೆಯಲ್ಲಿ ಕಳಸ, ಅದರ ಮುಂದೆ ಬಾಳೆಲೆ. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಎಲೆಯ ಪಕ್ಕದಲ್ಲಿ ಅರ್ಧ ಲೋಟ ಕಾಫಿ, ಹಬೆಯಾಡುತ್ತಿತ್ತು. ಅವಳ ಗಂಡ ಅದನ್ನು ಕಂಡು, "ಇದ್ಯಾಕೆ? ಅವಳಿಗೆ ಆಯ್ತಿರ್ನಿಲ್ಲವಲ್ಲ" ಎಂದ. ಮಗಳು, "ಇರ್ಲಿ ಬುಡಪ್ಪ" ಎಂದಳು. ಈರುಳ್ಳಿ ಸಿಪ್ಪೆ ಬಣ್ಣದ ಸೀರೆಯನ್ನು ಮಣೆಯ ಮೇಲೆ ಇಟ್ಟು, ಮೇಲೆ ಹೂವು, ಬಳೆ ಇಟ್ಟಿದ್ದರು.

ಧೂಪ ಹಾಕಿ, ಕೈಮುಗಿದು, ಎಲ್ಲರೂ ಜಗುಲಿಗೆ ಬಂದೆವು. ಬಾಗಿಲು ಎಳೆದುಕೊಳ್ಳುವುದು ಮಗಳ ಪಾಲಿಗೆ ಬಂದಿತ್ತು. ಅವಳು ಹೊಸ್ತಿಲ ಹೊರಗೆ ನಿಂತು, ಒಂದು ಕೈ ಚಿಲಕದ ಮೇಲಿಟ್ಟುಕೊಂಡು, ಒಳಗಿನ ಕಡೆಯಲ್ಲ, ನಮ್ಮೆಲ್ಲರ ತಲೆಯ ಮೇಲಿಂದ ಬೀದಿಯ ಕಡೆ ನೋಡಿದಳು. ಗಂಟಲು ಸರಿಮಾಡಿಕೊಂಡಳು. ಈ ಸಲ ಬಾಯಿ ಬಂತು.

"ಬಾರವ್ವ ಒಳಿಕೆ" ಎಂದಳು. "ಕಮ್ಮಿಗೇ ಕೊಟ್ಟ."